ಮಲಗುವ ಚೀಲ, ಎಚ್ಚರದ ಚೀಲ

ರಾತ್ರಿ ಒಂದು ಗಂಟೆ ಇರಬೇಕು. ರೈಲಿನ ಅಪ್ಪರ್ ಬರ್ತಿನಲ್ಲಿ ಚಳಿಗೆ ಮುದುಡಿಕೊಂಡು ಮಲಗಿದ್ದೆ. ಸ್ವೆಟರ್ ತಂದಿದ್ದೆ. ಅದು ಸೂಟ್‌ಕೇಸಿನ ತಳದಲ್ಲಿತ್ತು. ಸೂಟ್‌ಕೇಸು ಲೋವರ್ ಬರ್ತಿನ ಕೆಳಗೆ, ಬೇರೆ ಯಾರದೋ ಎರಡು ಚೀಲಗಳ ಹಿಂದೆ ಇತ್ತು. ಆ ಬರ್ತಿನ ಮೇಲೆ ಗುರುತು ಪರಿಚಯವಿಲ್ಲದ ಹಿರಿಯರೊಬ್ಬರು ಗೊರಕೆ ಹೊಡೆಯುತ್ತಿದ್ದರು. ಇಳಿದು, ಚೀಲಗಳನ್ನು ಎಳೆದು, ಬೀಗ ತೆಗೆದು, ಕತ್ತಲಲ್ಲಿ ಆರು ಅಂಗಿಗಳ ಕೆಳಗೆ ಕೈ ಹಾಕಿ ಹುಡುಕುವ ಧೈರ್ಯ ಬರಲಿಲ್ಲ. ಕೈಗೆ ಸಿಕ್ಕಿದ್ದು ಮುಖ ಒರೆಸುವ ಟವೆಲ್. ಅದನ್ನೇ ಹೊದ್ದೆ. ಮೇಲಕ್ಕೆ ಎಳೆದರೆ ಹೊಟ್ಟೆ ಹೊರಗೆ, ಕೆಳಕ್ಕೆ ಎಳೆದರೆ ಭುಜ ಹೊರಗೆ. ಬೆಳಗಿನ ತನಕ ಇದೇ ಎಳೆದಾಟ.

ಇಳಿದ ಮೇಲೆ ಲೆಕ್ಕ ಹಾಕಿದೆ. ನಾನು ಹೊತ್ತು ತಂದಿದ್ದು ಹದಿನಾಲ್ಕು ಕಿಲೋ. ಆ ರಾತ್ರಿ ನನಗೆ ಬೇಕಾಗಿದ್ದ ಸಾಮಾನು ಒಂದು ಕಿಲೋನೂ ಇರಲಿಲ್ಲ. ಆ ಒಂದು ಕಿಲೋ ಕೈಗೆ ಸಿಗದ ಕಡೆ ಕೂತಿತ್ತು, ಅಷ್ಟೆ.

ಪ್ರಯಾಣದ ಮಾತು ಬಂದರೆ ಎಲ್ಲರೂ ಹೇಳುವುದು ಒಂದೇ: ಕಡಿಮೆ ತಗೊಂಡು ಹೋಗು. ಸರಿಯೇ. ಆದರೆ ಕಡಿಮೆ ತಗೊಂಡು ಹೋಗಿಯೂ ರಾತ್ರಿಯಿಡೀ ಒದ್ದಾಡಬಹುದು. ವಿಮಾನದಲ್ಲಿ ಕೆಲವು ಗಂಟೆ ಕೂತು ಎದ್ದು ಬರುತ್ತೇವೆ. ಹೋಟೆಲಿನಲ್ಲಿ ಚೀಲವನ್ನು ನೆಲದ ಮೇಲೆ ಹರವಿ ಕೂರುತ್ತೇವೆ. ಸ್ಲೀಪರ್ ರೈಲು ಇವೆರಡೂ ಅಲ್ಲದ ಜಾಗ. ಅಲ್ಲಿ ಮಲಗಬೇಕು, ಏಳಬೇಕು, ಹಲ್ಲುಜ್ಜಬೇಕು, ಬಟ್ಟೆ ಬದಲಿಸಬೇಕು. ಇಷ್ಟೆಲ್ಲ ಮಾಡಬೇಕಾದ ಮನೆಯ ಅಳತೆ ಮಾತ್ರ ನಮ್ಮ ಮೈಯಷ್ಟೇ. ಅಲ್ಲಿ ಚೀಲ ಬಿಚ್ಚಿ ಹರವುವುದಕ್ಕೆ ಜಾಗವೇ ಇಲ್ಲ.

ಹಾಗಾಗಿ ನಾನು ಈಗ ಸಾಮಾನನ್ನು ಎರಡೇ ಪಾಲು ಮಾಡುತ್ತೇನೆ. ಒಂದು ಮಲಗುವ ಚೀಲ. ರೈಲು ಹತ್ತಿದ ಕೂಡಲೇ ಅದು ಬರ್ತಿನ ಕೆಳಗೆ ಹೋಗಿ ಮಲಗುತ್ತದೆ, ಇಳಿಯುವ ತನಕ ಅದನ್ನು ಎಬ್ಬಿಸುವ ಹಾಗಿಲ್ಲ. ಇನ್ನೊಂದು ಎಚ್ಚರದ ಚೀಲ. ಅದು ನನ್ನ ಜೊತೆಗೇ ಬರ್ತಿನ ಮೇಲೆ ಇರುತ್ತದೆ. ಮೊದಲ ಚೀಲದ ಜಿಪ್ಪನ್ನು ದಾರಿಯಲ್ಲಿ ಒಂದು ಸಲ ತೆಗೆಯಬೇಕಾಗಿ ಬಂದರೂ ನನ್ನ ಪ್ಯಾಕಿಂಗ್ ಕೆಟ್ಟಿತು ಅಂತಲೇ ನನ್ನ ಲೆಕ್ಕ.

ಇದು ನನ್ನ ತಲೆಯಲ್ಲೇ ಹುಟ್ಟಿದ ದೊಡ್ಡ ಯೋಚನೆ ಅಂತ ಕೆಲವು ದಿನ ಬೀಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಹಡಗಿನವರು ಇದನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿದ್ದರು. ವಾರಗಟ್ಟಲೆ ಸಮುದ್ರದ ಮೇಲೆ ಹೋಗುವ ಜನ ಟ್ರಂಕುಗಳಿಗೆ ಚೀಟಿ ಅಂಟಿಸುತ್ತಿದ್ದರು. ಕೆಲವಕ್ಕೆ ‘ಕ್ಯಾಬಿನ್’ ಅಂತ. ಕೆಲವಕ್ಕೆ ‘ನಾಟ್ ವಾಂಟೆಡ್ ಆನ್ ವಾಯೇಜ್’, ಅಂದರೆ ಪ್ರಯಾಣದಲ್ಲಿ ಬೇಡ. ಬೇಡದ್ದು ಹಡಗಿನ ಹೊಟ್ಟೆಗೆ ಹೋಗುತ್ತಿತ್ತು. ದಡ ಸೇರುವ ತನಕ ಅದರ ಮುಖ ನೋಡುವ ಹಾಗಿರಲಿಲ್ಲ. ಆ ಚೀಟಿ ನನಗೆ ತುಂಬಾ ಇಷ್ಟ. ಮನೆಯಲ್ಲಿ ಪ್ಯಾಕ್ ಮಾಡುವಾಗ ಪ್ರತಿಯೊಂದು ವಸ್ತುವಿನ ಮೇಲೂ ಮನಸ್ಸಿನಲ್ಲೇ ಅದನ್ನು ಅಂಟಿಸುತ್ತೇನೆ. ಹೊಸ ಅಂಗಿ, ಬೇಡ. ಉಡುಗೊರೆ, ಬೇಡ. ಮಾತ್ರೆ, ಬೇಕು. ಶಾಲು, ಬೇಕೇ ಬೇಕು.

ಶಾಲಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ನನ್ನ ಎಚ್ಚರದ ಚೀಲದಲ್ಲಿ ಅದೇ ಯಜಮಾನ. ಕೆಲವು ರೈಲುಗಳಲ್ಲಿ ಹಾಸಿಗೆ ಹೊದಿಕೆ ಕೊಡುತ್ತಾರೆ, ಕೆಲವದರಲ್ಲಿ ಕೊಡುವುದಿಲ್ಲ. ಕೊಟ್ಟ ಕಡೆಯೂ ಶಾಲು ಸುಮ್ಮನೆ ಇರುವುದಿಲ್ಲ. ಹೊದ್ದರೆ ಹೊದಿಕೆ. ಮಡಿಸಿದರೆ ದಿಂಬು. ಮುಖದ ಮೇಲೆ ಹಾಕಿಕೊಂಡರೆ ಬೋಗಿಯ ಓಣಿಯ ದೀಪ ಆರಿದ ಹಾಗೆ. ಎಸಿ ಗಾಳಿಯ ಕಿಂಡಿ ನೇರವಾಗಿ ಕಿವಿಗೆ ಊದುತ್ತಿದ್ದರೆ ತಲೆಗೆ ಸುತ್ತಿಕೊಳ್ಳಬಹುದು. ಬಟ್ಟೆ ಬದಲಿಸುವಾಗ ಪರದೆ. ಉಣ್ಣೆಯ ದಪ್ಪ ಶಾಲು ಬೇಡ, ಅರ್ಧ ಚೀಲ ಅದೇ ತಿನ್ನುತ್ತದೆ. ತೆಳ್ಳಗೆ, ಅಗಲವಾಗಿ ಇರಬೇಕು, ಕಡುಬಣ್ಣದ್ದಾಗಿರಬೇಕು. ಕಡುಬಣ್ಣ ಯಾಕೆ ಅಂತ ಒಂದು ರಾತ್ರಿ ರೈಲಿನಲ್ಲಿ ಕಳೆದವರು ಕೇಳುವುದಿಲ್ಲ.

ಎರಡನೆಯದು ಕಾಲುಚೀಲ. ಹಾಕಿಕೊಳ್ಳುವುದಕ್ಕೆ ಒಂದು ಜೊತೆ ಇರಲಿ. ನಾನು ಹೇಳುತ್ತಿರುವುದು ಹೆಚ್ಚುವರಿಯಾಗಿ ಒಯ್ಯುವ, ಒಗೆದ, ಉದ್ದನೆಯ ಒಂದು ಒಂಟಿ ಕಾಲುಚೀಲದ ಬಗ್ಗೆ. ರಾತ್ರಿ ಫೋನು, ಕನ್ನಡಕ, ಟಿಕೆಟ್ ಎಲ್ಲ ಅದರೊಳಗೆ. ಬಾಯಿಗೆ ಗಂಟು ಹಾಕಿ ದಿಂಬಿನ ಬುಡಕ್ಕೆ ತುರುಕಿದರೆ ಆಯಿತು. ಬರ್ತಿಗೂ ಗೋಡೆಗೂ ನಡುವೆ ಒಂದು ಸಂದಿ ಇರುತ್ತದೆ. ಫೋನ್ ನುಂಗುವುದಕ್ಕೇ ಆ ಸಂದಿ ಮಾಡಿದ್ದಾರೇನೋ ಅನ್ನಿಸುತ್ತದೆ. ಒಂದು ಸಲ ನನ್ನ ಫೋನ್ ಅಲ್ಲಿ ಬಿದ್ದು, ಕೆಳಗಿನವರ ಕಿವಿಯ ಪಕ್ಕ ಬೆಳಗಿನ ಅಲಾರಂ ಹೊಡೆಯಿತು. ಅವರು ಇಳಿಯಬೇಕಾಗಿದ್ದ ಸ್ಟೇಷನ್ ಇನ್ನೂ ನಾಲ್ಕು ಗಂಟೆ ದೂರ ಇತ್ತು. ಅವರ ನೋಟ ಇನ್ನೂ ನೆನಪಿದೆ. ಗಂಟು ಹಾಕಿದ ಕಾಲುಚೀಲ ದಪ್ಪಗಿರುತ್ತದೆ, ಆ ಸಂದಿಗೆ ಇಳಿಯುವುದಿಲ್ಲ.

ಈ ತಂತ್ರಕ್ಕೂ ಹಿರಿಯರಿದ್ದಾರೆ. ಅಮೆರಿಕದ ಪುಲ್‌ಮನ್ ಕಂಪನಿಯ ಹಳೆಯ ಸ್ಲೀಪರ್ ಬೋಗಿಗಳಲ್ಲಿ ಬರ್ತಿನ ಒಳಗೆ, ಗೋಡೆಯ ಪಕ್ಕ, ಪುಟ್ಟ ಬಲೆಯ ಜೋಲಿ ಕಟ್ಟಿರುತ್ತಿದ್ದರು. ಕಳಚಿದ ಬಟ್ಟೆ, ಸಣ್ಣಪುಟ್ಟ ಸಾಮಾನು ಅದರೊಳಗೆ. ಹಗಲು ಎದುರುಬದುರು ಸೀಟುಗಳಾಗಿದ್ದದ್ದೇ ರಾತ್ರಿ ಸೇರಿ ಲೋವರ್ ಬರ್ತ್ ಆಗುತ್ತಿತ್ತು. ಅಪ್ಪರ್ ಬರ್ತು ಹಗಲೆಲ್ಲ ಚಾವಣಿಗೆ ಮಡಚಿಕೊಂಡಿರುತ್ತಿತ್ತು, ಹಾಸಿಗೆ ದಿಂಬುಗಳನ್ನು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು. ಓಣಿಯ ಕಡೆ ಗೋಡೆ ಇಲ್ಲ, ದಪ್ಪ ಪರದೆ ಮಾತ್ರ. ಆ ಪರದೆಯ ಹಿಂದೆ ಮಲಗಿಕೊಂಡೇ ಕೋಟು, ಪ್ಯಾಂಟು ಕಳಚಬೇಕಿತ್ತು. ಆಮೇಲೆ ಬಂದ ಒಬ್ಬರ ಕೋಣೆಗಳಲ್ಲಿ ಶೂ ಇಡುವುದಕ್ಕೆ ಪುಟ್ಟ ಗೂಡು. ಅದಕ್ಕೆ ಎರಡು ಬಾಗಿಲು, ಒಂದು ಕೋಣೆಯ ಒಳಗೆ, ಇನ್ನೊಂದು ಓಣಿಯ ಕಡೆಗೆ. ರಾತ್ರಿ ಪೋರ್ಟರ್ ಹೊರಗಿನಿಂದಲೇ ಶೂ ತೆಗೆದುಕೊಂಡು, ಪಾಲಿಶ್ ಮಾಡಿ, ಅಲ್ಲೇ ಇಟ್ಟು ಹೋಗುತ್ತಿದ್ದ.

ನಮ್ಮ ಶೂಗಳಿಗೆ ಅಂಥ ಯೋಗ ಇಲ್ಲ. ಬರ್ತಿನ ಕೆಳಗೆ ಬಿಟ್ಟ ಶೂ ಪ್ರತಿ ಬ್ರೇಕಿಗೂ ಸ್ವಲ್ಪ ಸ್ವಲ್ಪ ನಡೆಯುತ್ತದೆ. ಒಂದು ಬೆಳಿಗ್ಗೆ ನನ್ನ ಎಡಗಾಲಿನ ಶೂ ಅಲ್ಲೇ ಇತ್ತು, ಬಲಗಾಲಿನದು ಎರಡು ವಿಭಾಗ ದಾಟಿ ಇನ್ನೊಂದು ಸಂಸಾರದ ಜೊತೆ ಸೇರಿಕೊಂಡಿತ್ತು. ಈಗ ಲೇಸು ಕಟ್ಟುವ ಶೂ ಹಾಕಿಕೊಂಡು ಹತ್ತಿದರೂ, ಕೂತ ತಕ್ಷಣ ಚಪ್ಪಲಿಗೆ ಬದಲಾಗುತ್ತೇನೆ. ಶೂ ಎರಡನ್ನೂ ಲೇಸಿನಿಂದ ಒಂದಕ್ಕೊಂದು ಕಟ್ಟಿ ದೊಡ್ಡ ಚೀಲದ ಹಿಡಿಗೆ ಗಂಟು. ರಾತ್ರಿ ಎರಡು ಗಂಟೆಗೆ ಶೌಚಾಲಯಕ್ಕೆ ಹೋಗಬೇಕಾದವರಿಗೆ ಚಪ್ಪಲಿಗಿಂತ ದೊಡ್ಡ ಸುಖ ಇಲ್ಲ. ಚಪ್ಪಲಿ ರಬ್ಬರಿನದ್ದಾಗಿರಲಿ. ಅಲ್ಲಿಯ ನೆಲ ಒದ್ದೆಯಾಗಿರುತ್ತದೆ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ನೀರಿನ ಬಾಟಲಿ ಚೌಕಾಕಾರದ್ದಾದರೆ ಒಳ್ಳೆಯದು, ದುಂಡಗಿನದು ಉರುಳುತ್ತದೆ. ಚಾರ್ಜರಿನ ವಯರು ಉದ್ದ ಇರಲಿ, ಪ್ಲಗ್ ಯಾವತ್ತೂ ನಮ್ಮಿಂದ ಒಂದು ಮೊಳ ಆಚೆಗೇ ಇರುತ್ತದೆ. ಕಿವಿಗೆ ಹತ್ತಿಯೋ ಇಯರ್‌ಪ್ಲಗ್ಗೋ. ಹಲ್ಲುಜ್ಜುವ ಬ್ರಶ್ಶು, ಪೇಸ್ಟು, ಸಾಬೂನು ಒಂದು ಸಣ್ಣ ಚೀಲದಲ್ಲಿ. ಆ ಚೀಲಕ್ಕೆ ನೇತುಹಾಕುವ ಕುಣಿಕೆ ಬೇಕೇ ಬೇಕು, ಯಾಕೆಂದರೆ ವಾಶ್‌ಬೇಸಿನ್ ಹತ್ತಿರ ಯಾವುದನ್ನೂ ಕೆಳಗೆ ಇಡುವ ಮನಸ್ಸಾಗುವುದಿಲ್ಲ. ಮತ್ತೆ, ದಯವಿಟ್ಟು ಏನನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರಬೇಡಿ. ಹಗಲಲ್ಲಿ ಕೇಳಿಸದ ಆ ಚರಪರ ಸದ್ದು ರಾತ್ರಿ ಇಡೀ ಬೋಗಿಗೆ ಕೇಳುತ್ತದೆ. ಯಾರೋ ಒಬ್ಬರು ಬೆಳಗಿನ ಜಾವ ನಾಲ್ಕಕ್ಕೆ ಒಂದು ಕವರಿನಿಂದ ಇನ್ನೊಂದು ಕವರಿಗೆ ಏನನ್ನೋ ವರ್ಗಾಯಿಸುತ್ತಲೇ ಇರುತ್ತಾರೆ. ಪ್ರತಿ ರೈಲಿನಲ್ಲೂ ಒಬ್ಬರು ಇರುತ್ತಾರೆ. ಬಟ್ಟೆ ಚೀಲಕ್ಕೆ ಬಾಯಿಲ್ಲ, ಅದು ಮಾತಾಡುವುದಿಲ್ಲ.

ಇನ್ನು ಮಲಗುವ ಚೀಲ. ಇಲ್ಲಿ ನನ್ನದು ಸ್ವಲ್ಪ ಹಟದ ಅಭಿಪ್ರಾಯ. ಚಕ್ರದ ಗಟ್ಟಿ ಸೂಟ್‌ಕೇಸು ಸ್ಲೀಪರ್ ರೈಲಿಗೆ ಸೇರಿದ್ದಲ್ಲ.

ಸೂಟ್‌ಕೇಸಿಗೆ ಚಕ್ರ ಬಂದದ್ದೇ ವಿಮಾನ ನಿಲ್ದಾಣದ ನೆಲಕ್ಕಾಗಿ. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬುವರಿಗೆ 1972ರಲ್ಲಿ ಇದರ ಪೇಟೆಂಟ್ ಸಿಕ್ಕಿತು. ಅವರದು ನಾಲ್ಕು ಚಕ್ರದ್ದು, ಪಟ್ಟಿ ಕಟ್ಟಿ ನಾಯಿಯ ಹಾಗೆ ಎಳೆದುಕೊಂಡು ಹೋಗುವುದು. ನಿಲ್ಲಿಸಿಕೊಂಡು, ಉದ್ದ ಹಿಡಿ ಎಳೆದು, ಎರಡು ಚಕ್ರದ ಮೇಲೆ ಓರೆಯಾಗಿ ಎಳೆಯುವ ಈಗಿನ ರೂಪ ಕೊಟ್ಟವರು ರಾಬರ್ಟ್ ಪ್ಲಾತ್, 1987ರಲ್ಲಿ. ಅವರು ವೃತ್ತಿಯಿಂದ ಪೈಲಟ್. ಅಂದರೆ ಅದು ನುಣುಪಾದ ನೆಲಕ್ಕೆ, ವಿಮಾನದ ತಲೆ ಮೇಲಿನ ಗೂಡಿಗೆ ಹೊಂದುವ ಹಾಗೆ ಹುಟ್ಟಿದ ವಸ್ತು. ರೈಲಿನಲ್ಲಿ ಅದಕ್ಕೆ ಮೊದಲ ಪರೀಕ್ಷೆ ಮೆಟ್ಟಿಲು. ಎಷ್ಟೋ ಕಡೆ ಪ್ಲಾಟ್‌ಫಾರಂ ತಗ್ಗು, ಬಾಗಿಲು ಎತ್ತರ. ಚಕ್ರ ಇದ್ದರೇನು, ಎತ್ತಲೇಬೇಕು. ಎರಡನೆಯ ಪರೀಕ್ಷೆ ಓಣಿ. ಒಬ್ಬರು ಹೋಗುವಷ್ಟೇ ಅಗಲ. ಪಕ್ಕದಲ್ಲಿ ಎಳೆದುಕೊಂಡು ಹೋಗಲು ಆಗುವುದಿಲ್ಲ, ಹಿಂದೆ ಎಳೆದರೆ ಯಾರದೋ ಕಾಲ್ಬೆರಳು. ಮೂರನೆಯದು ಬರ್ತಿನ ಕೆಳಗಿನ ಜಾಗ. ಅಲ್ಲಿ ಕಬ್ಬಿಣದ ಕಾಲುಗಳು, ಕೊಳವೆಗಳು ಇರುತ್ತವೆ. ಗಟ್ಟಿ ಪೆಟ್ಟಿಗೆ ಒಂದು ಬೆರಳು ದಪ್ಪ ಜಾಸ್ತಿಯಾದರೂ ಹೊರಗೇ ಉಳಿಯುತ್ತದೆ. ಬಟ್ಟೆಯ ಚೀಲವನ್ನು ಮೊಣಕಾಲಿನಿಂದ ಒಂದು ಸಲ ಒತ್ತಿದರೆ ಸಾಕು, ಬೆನ್ನು ಬಗ್ಗಿಸಿಕೊಂಡು ಒಳಗೆ ಹೋಗುತ್ತದೆ. ಇಷ್ಟೆಲ್ಲ ಆಗಿ ಒಳಗೆ ಹೋಯಿತು ಅನ್ನಿ, ನಾಲ್ಕು ಚಕ್ರದ್ದಾದರೆ ರೈಲು ತಿರುವಿನಲ್ಲಿ ವಾಲಿದಾಗ ಅದು ತಾನಾಗಿಯೇ ಹೊರಗೆ ಬರುತ್ತದೆ.

ಚಕ್ರ ಬೇಕೇ ಬೇಕು ಅನ್ನುವವರು ಇದ್ದಾರೆ. ಬೆನ್ನು ನೋವಿನವರು, ವಯಸ್ಸಾದವರು. ಅವರಿಗೆ ಎರಡೇ ಚಕ್ರದ, ಬಟ್ಟೆಯ ಮೈಯ ಚೀಲ ನಡೆಯುತ್ತದೆ. ಅದನ್ನು ಚಕ್ರ ಗೋಡೆಯ ಕಡೆಗೆ ಬರುವ ಹಾಗೆ ಅಡ್ಡ ಮಲಗಿಸಬೇಕು.

ಹೊರಡುವ ಹಿಂದಿನ ದಿನ ನಾನು ಒಂದು ತಾಲೀಮು ಮಾಡುತ್ತೇನೆ. ಮನೆಯವರು ನಗುತ್ತಾರೆ, ನಗಲಿ. ತುಂಬಿದ ಚೀಲವನ್ನು ಮನೆಯ ಮಂಚದ ಕೆಳಗೆ ತಳ್ಳಿ ನೋಡುತ್ತೇನೆ. ಚೀಲದ ದಪ್ಪ ಒಂದೂವರೆ ಗೇಣು ಮೀರಿದರೆ ಏನೋ ಒಂದು ಹೊರಗೆ ಬರಬೇಕು. ಆಮೇಲೆ ಅದನ್ನು ತಲೆಯ ಮೇಲೆ ಎತ್ತಿ ಹಿಡಿದು ಹತ್ತು ಎಣಿಸುತ್ತೇನೆ. ಎಣಿಸಲು ಆಗದಿದ್ದರೆ ಅದು ಮೇಲಿನ ಅಟ್ಟಕ್ಕೆ ಹೋಗುವ ಚೀಲವಲ್ಲ. ರೈಲಿನವರ ತೂಕದ ನಿಯಮ ಇದಕ್ಕಿಂತ ಬಹಳ ಉದಾರ. ಭಾರತದ ಸ್ಲೀಪರ್ ಕ್ಲಾಸಿನಲ್ಲಿ 40 ಕಿಲೋ, ರಷ್ಯಾದಲ್ಲಿ 36 ಕಿಲೋ, ಚೀನಾದಲ್ಲಿ 20 ಕಿಲೋ. ಅಮೆರಿಕದ ಆಮ್‌ಟ್ರಾಕ್ ರೈಲುಗಳಲ್ಲಿ ತಲಾ 23 ಕಿಲೋ ತನಕದ ಎರಡು ಚೀಲ. 40 ಕಿಲೋ ಒಯ್ಯಬಹುದು ಅಂದ ಮಾತ್ರಕ್ಕೆ ನಮ್ಮ ತೋಳು ಒಪ್ಪಬೇಕಲ್ವಾ?

ಚೀಲ ಎಲ್ಲಿ ಮಲಗುತ್ತದೆ ಅನ್ನುವುದು ರೈಲಿನಿಂದ ರೈಲಿಗೆ ಬೇರೆ. ರಷ್ಯಾದ ಪ್ಲಾಟ್ಸ್‌ಕಾರ್ಟ್ ಬೋಗಿಗಳದ್ದು ನನಗೆ ಮೆಚ್ಚುಗೆಯಾದ ಏರ್ಪಾಟು. ಒಂದೇ ಬೋಗಿಯಲ್ಲಿ 54 ಬರ್ತ್, ಬಾಗಿಲು ಗೀಗಿಲು ಇಲ್ಲ. ಆದರೆ ವಿಭಾಗದೊಳಗಿನ ಲೋವರ್ ಬರ್ತನ್ನು ಮುಚ್ಚಳದ ಹಾಗೆ ಎತ್ತಬಹುದು. ಕೆಳಗೆ ಪೆಟ್ಟಿಗೆ. ಚೀಲ ಅದರೊಳಗೆ ಹಾಕಿ, ಮುಚ್ಚಿ, ಮೇಲೆ ಮಲಗಿದರೆ ಮುಗಿಯಿತು. ನಮ್ಮ ಮೈಯೇ ಬೀಗ. ಮಾಸ್ಕೋದಿಂದ ವ್ಲಾಡಿವಾಸ್ಟಾಕಿಗೆ 9,289 ಕಿಲೋಮೀಟರು, ಸುಮಾರು ಒಂದು ವಾರದ ದಾರಿ. ಅಷ್ಟು ದಿನ ಚೀಲದ ಮೇಲೆ ಒಂದು ಕಣ್ಣಿಟ್ಟುಕೊಂಡು ಇರಲಾಗುತ್ತದೆಯೇ? ಆಸ್ಟ್ರಿಯಾದ ನೈಟ್‌ಜೆಟ್ ರೈಲುಗಳು 2023ರ ಡಿಸೆಂಬರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೂಡಿನಂಥ ಪುಟ್ಟ ಕ್ಯಾಬಿನ್ ತಂದವು. ಒಳಗೆ ಮೈಗೆ ಮಾತ್ರ ಜಾಗ. ಶೂಗೆ, ಸಣ್ಣ ಚೀಲಕ್ಕೆ ಪಕ್ಕದಲ್ಲಿ ಬೀಗದ ಗೂಡು. ದೊಡ್ಡ ಚೀಲ ದೂರದ ಅಟ್ಟದಲ್ಲಿ. ಆಮ್‌ಟ್ರಾಕಿನ ರೂಮೆಟ್ ಅನ್ನುವ ಇಬ್ಬರ ಕೋಣೆ ಸುಮಾರು 1.07 ಮೀಟರ್ ಅಗಲ, 2.03 ಮೀಟರ್ ಉದ್ದ. ಹಾಸಿಗೆ ಬಿಡಿಸಿದ ಮೇಲೆ ಅಲ್ಲಿ ನಿಂತು ಪ್ಯಾಂಟ್ ಹಾಕಿಕೊಳ್ಳುವುದು ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಸಾಧ್ಯ. ಅದೂ ಇನ್ನೊಬ್ಬರು ಮಲಗಿದ್ದರೆ. ಇಷ್ಟು ಬೇರೆ ಬೇರೆ ಕಡೆ ಇದ್ದರೂ ದೊಡ್ಡ ಚೀಲದ ಗತಿ ಒಂದೇ. ಅದು ನಮ್ಮಿಂದ ದೂರ ಇರುತ್ತದೆ, ಅಥವಾ ನಮ್ಮ ಕೆಳಗೇ ಇದ್ದರೂ ಕೈಗೆ ಸಿಗುವುದಿಲ್ಲ.

ಚೀಲದ ಕತೆ ಇಷ್ಟಾಯಿತು. ಇನ್ನು ಮೈಯನ್ನು ಪ್ಯಾಕ್ ಮಾಡುವುದು ಹೇಗೆ?

ನನ್ನ ಎತ್ತರ ಆರು ಅಡಿ ಒಂದು ಇಂಚು. ನೆಂಟರ ಮದುವೆಯ ಫೋಟೋದಲ್ಲಿ ಇದು ಉಪಯೋಗಕ್ಕೆ ಬರುತ್ತದೆ, ಹಿಂದಿನ ಸಾಲಿನಲ್ಲಿ ನಿಲ್ಲಿಸುತ್ತಾರೆ. ರೈಲಿನಲ್ಲಿ ಇದೊಂದು ಹೆಚ್ಚುವರಿ ಲಗೇಜು. ಬಹಳಷ್ಟು ಬರ್ತುಗಳು ಬೋಗಿಗೆ ಅಡ್ಡವಾಗಿ ಇರುತ್ತವೆ. ಬೋಗಿಯ ಒಟ್ಟು ಅಗಲದಲ್ಲಿ ಓಣಿಯನ್ನು ಕಳೆದು ಉಳಿದದ್ದೇ ಬರ್ತಿನ ಉದ್ದ. ಬೋಗಿಯನ್ನು ಬೇಕಾದಷ್ಟು ಅಗಲ ಮಾಡಲು ಆಗುವುದಿಲ್ಲ, ಸುರಂಗ ಇದೆ, ಸೇತುವೆ ಇದೆ, ಪ್ಲಾಟ್‌ಫಾರಂ ಅಂಚು ಇದೆ, ಪಕ್ಕದ ಹಳಿಯ ಮೇಲೆ ಎದುರಿನಿಂದ ಬರುವ ರೈಲಿದೆ. ಇವನ್ನೆಲ್ಲ ಎಷ್ಟೋ ಕಡೆ ನೂರೈವತ್ತು ವರ್ಷದ ಹಿಂದೆಯೇ ಅಳೆದು ಕಟ್ಟಿ ಮುಗಿಸಿದ್ದಾರೆ. ಅಂದರೆ ನನ್ನ ಪಾದ ರಾತ್ರಿಯಿಡೀ ಓಣಿಗೆ ಚಾಚಿಕೊಂಡು ಹೋಗಿಬರುವವರ ಸೊಂಟ ತಾಗಿಸಿಕೊಳ್ಳುವುದಕ್ಕೆ, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಸುರಂಗ ಕೊರೆದ ಯಾರೋ ಎಂಜಿನಿಯರ್ ಕಾರಣ. ಹಳಿಗಳ ನಡುವಿನ ಅಂತರವೂ ಒಂದೇ ಇಲ್ಲ. ಭಾರತದ ಬ್ರಾಡ್‌ಗೇಜ್ 1,676 ಮಿಲಿಮೀಟರ್, ರಷ್ಯಾದ್ದು 1,520, ಯುರೋಪಿನ ಬಹುಪಾಲು, ಅಮೆರಿಕ, ಚೀನಾದಲ್ಲಿ 1,435. ಬ್ರಿಟನ್ನಿನಲ್ಲೂ ಹಳಿಯ ಅಂತರ ಯುರೋಪಿನಷ್ಟೇ, ಆದರೆ ಸೇತುವೆ, ಸುರಂಗಗಳು ಇಕ್ಕಟ್ಟು. ಹಾಗಾಗಿ ಬೋಗಿಯೂ ಸಣ್ಣದು.

ಉದ್ದ ಇರುವವರಿಗೆ ನನ್ನ ಸಲಹೆ: ನೇರ ಮಲಗುವ ಆಸೆ ಬಿಡಿ. ಮಗ್ಗುಲಾಗಿ, ಮಂಡಿ ಸ್ವಲ್ಪ ಮಡಚಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿದರೆ ನಾಲ್ಕು ಬೆರಳಿನಷ್ಟು ಉದ್ದ ಸಿಗುತ್ತದೆ. ಎಚ್ಚರದ ಚೀಲವನ್ನು ಕಾಲ ಬುಡದಲ್ಲಿ ಇಟ್ಟು ಆ ನಾಲ್ಕು ಬೆರಳನ್ನು ಕಳಕೊಳ್ಳಬೇಡಿ. ನಾನು ಅದನ್ನು ದಿಂಬಿನ ಅಡಿಗೆ ಹಾಕುತ್ತೇನೆ. ತಲೆ ಸ್ವಲ್ಪ ಎತ್ತರವಾಗುತ್ತದೆ, ಕಳ್ಳನಿಗೂ ಕಷ್ಟವಾಗುತ್ತದೆ. ಅದಕ್ಕೇ ಎಚ್ಚರದ ಚೀಲದಲ್ಲಿ ಗಟ್ಟಿ ಸಾಮಾನು ಇರಬಾರದು. ಒಂದು ಸಲ ಸ್ಟೀಲ್ ಡಬ್ಬಿಯ ಮೇಲೆ ತಲೆ ಇಟ್ಟು ಮಲಗಿ, ಬೆಳಿಗ್ಗೆ ಕೆನ್ನೆಯ ಮೇಲೆ ಅರ್ಧಚಂದ್ರ ಮೂಡಿಸಿಕೊಂಡು ಇಳಿದಿದ್ದೇನೆ.

ತಲೆ ಕಿಟಕಿಯ ಕಡೆಗೋ ಓಣಿಯ ಕಡೆಗೋ? ಇದರ ಬಗ್ಗೆ ಜನ ಜಗಳವಾಡುವುದನ್ನು ನೋಡಿದ್ದೇನೆ. ಕಿಟಕಿಯ ಕಡೆ ತಲೆ ಇಟ್ಟರೆ ಗಾಳಿ, ಸದ್ದು, ಸ್ಟೇಷನ್ನಿನ ದೀಪ. ಓಣಿಯ ಕಡೆ ಇಟ್ಟರೆ ಹೋಗುವವರ ಚೀಲ ಹಣೆಗೆ. ನನ್ನಂಥವರಿಗೆ ಆಯ್ಕೆ ಇಲ್ಲ. ಏನಾದರೂ ಒಂದು ಓಣಿಗೆ ಚಾಚಲೇಬೇಕು ಅಂದರೆ ತಲೆಗಿಂತ ಕಾಲೇ ಪರವಾಗಿಲ್ಲ.

ಬೋಗಿಗೆ ಉದ್ದುದ್ದ ಇರುವ ಬರ್ತುಗಳೂ ಇವೆ, ಓಣಿಯ ಪಕ್ಕದ ಸೈಡ್ ಬರ್ತುಗಳು. ಪುಲ್‌ಮನ್ ಬರ್ತುಗಳೂ ಹೀಗೇ ಉದ್ದಕ್ಕೆ ಇದ್ದವು. ಅಡ್ಡ ಮಲಗಿದಾಗಿನ ನಿದ್ದೆಗೂ ಉದ್ದ ಮಲಗಿದಾಗಿನ ನಿದ್ದೆಗೂ ವ್ಯತ್ಯಾಸ ಇದೆ. ಅಡ್ಡ ಬರ್ತಿನಲ್ಲಿ ರೈಲು ಅತ್ತಿತ್ತ ತೂಗಿದರೆ ಮೈ ತಲೆಯಿಂದ ಕಾಲಿಗೆ ಜಾರುತ್ತದೆ, ಬ್ರೇಕ್ ಹಾಕಿದರೆ ಮಗ್ಗುಲು ಉರುಳುತ್ತದೆ. ಉದ್ದದ ಬರ್ತಿನಲ್ಲಿ ಇದೇ ತಿರುವುಮುರುವು. ರೈಲು ತೂಗಿದರೆ ತೊಟ್ಟಿಲ ಹಾಗೆ ಮಗ್ಗುಲಿಂದ ಮಗ್ಗುಲಿಗೆ ಹೊರಳುತ್ತದೆ, ಬ್ರೇಕ್ ಹಾಕಿದರೆ ಮೈಯೆಲ್ಲ ಒಂದು ಕಡೆಗೆ ಸರಿಯುತ್ತದೆ. ನನಗೆ ತೊಟ್ಟಿಲು ಇಷ್ಟ. ಆದರೆ ಸೈಡ್ ಬರ್ತಿನ ಎರಡೂ ತುದಿಗೆ ಗೋಡೆ. ಆರಡಿಯವರಿಗೆ ಅದು ಪೆಟ್ಟಿಗೆ. ಅಲ್ಲಿ ಓರೆ ಮಲಗುವುದಕ್ಕೂ ಅಗಲ ಇಲ್ಲ. ಗಿಡ್ಡ ಇರುವ ಗೆಳೆಯನೊಬ್ಬ ಯಾವಾಗಲೂ ಸೈಡ್ ಬರ್ತೇ ಕೇಳಿ ತಗೊಳ್ಳುತ್ತಾನೆ. ಅವನ ಮೇಲೆ ನನಗೆ ಇರುವ ಹೊಟ್ಟೆಕಿಚ್ಚುಗಳಲ್ಲಿ ಇದೂ ಒಂದು.

ಬೋಗಿಯ ನಡುವೆ ಸಿಕ್ಕಿದ ಬರ್ತು ಅದೃಷ್ಟದ್ದು. ನಾವು ಇಡೀ ಡಬ್ಬಿಗೆ ಬೋಗಿ ಅನ್ನುತ್ತೇವೆ. ನಿಜವಾಗಿ ಆ ಹೆಸರು ಡಬ್ಬಿಯ ಎರಡು ತುದಿಯ ಹತ್ತಿರ, ಕೆಳಗೆ ಚಕ್ರಗಳನ್ನು ಹಿಡಿದುಕೊಂಡಿರುವ ಚೌಕಟ್ಟಿನದು. ಹಳಿಯ ಏಟು ಮೊದಲು ತಾಗುವುದು ಅಲ್ಲಿಗೆ. ಹಾಗಾಗಿ ತುದಿಯ ಬರ್ತಿನಲ್ಲಿ ಸದ್ದೂ ಜಾಸ್ತಿ, ಕುಲುಕಾಟವೂ ಜಾಸ್ತಿ. ಶೌಚಾಲಯದ ಬಾಗಿಲು, ಓಡಾಟ ಬೇರೆ. ನಡುವೆ ಹೋದಷ್ಟೂ ಹಿತ. ಹಾಗೇ ಕೆಳಗಿನ ಬರ್ತಿಗಿಂತ ಮೇಲಿನದು ಜಾಸ್ತಿ ತೂಗುತ್ತದೆ, ತೆಂಗಿನ ಮರದ ತುದಿಯ ಹಾಗೆ. ವಾಂತಿ ಬರುವವರು ಕೆಳಗೇ ಇರಲಿ.

ಆದರೂ ನಾನು ಅಪ್ಪರ್ ಬರ್ತಿನ ಕಡೆಯವನು. ಯಾರೂ ಬಂದು ‘ಸ್ವಲ್ಪ ಸರೀತೀರಾ’ ಅನ್ನುವುದಿಲ್ಲ. ಹಗಲೂ ಮಲಗಬಹುದು. ಕಷ್ಟ ಹತ್ತುವುದರಲ್ಲಿ, ಮತ್ತು ಹತ್ತಿದ ಮೇಲೆ ನೆಟ್ಟಗೆ ಕೂರಲು ಆಗದಿರುವುದರಲ್ಲಿ. ಮೊದಲು ಎಚ್ಚರದ ಚೀಲ ಮೇಲೆ ಎಸೆಯಬೇಕು. ಆಮೇಲೆ ಏಣಿಗೆ ಮುಖ ಮಾಡಿ ಹತ್ತಿ, ಸೊಂಟವನ್ನು ಮೊದಲು ಬರ್ತಿಗೆ ಕೂರಿಸಿ, ತಲೆಯನ್ನು ಕಡೆಯಲ್ಲಿ ಒಳಗೆ ತರಬೇಕು. ತಲೆ ಮೊದಲು ಹೋದರೆ ಚಾವಣಿಗೆ ನಮಸ್ಕಾರ. ಮೇಲೆ ಹೋದ ಮೇಲೆ ‘ಅಯ್ಯೋ, ನೀರು ಕೆಳಗೆ ಉಳೀತು’ ಅಂದರೆ ಮತ್ತೆ ಮೊದಲಿನಿಂದ. ಬಟ್ಟೆಯ ಬಗ್ಗೆ ಒಂದು ಮಾತು. ರಾತ್ರಿ ಹಾಕುವ ಪ್ಯಾಂಟಿಗೆ ಹಿಂದಿನ ಜೇಬು, ಲೋಹದ ಗುಂಡಿ, ಬೆಲ್ಟು ಬೇಡ. ಸೊಂಟಕ್ಕೆ ಲಾಡಿ ಇದ್ದರೆ ಸಾಕು. ಅದನ್ನು ಹತ್ತುವ ಮೊದಲೇ ಹಾಕಿಕೊಂಡು ಬರಬೇಕು. ಮಲಗಿಕೊಂಡು ಜೀನ್ಸ್ ಕಳಚಲು ಹೋದವನನ್ನು ನೋಡಿದ್ದೇನೆ. ಕೆಳಗಿನವರು ಹಲ್ಲಿ ಬಿತ್ತು ಅಂತ ಎದ್ದು ಕೂತರು. ಬಿದ್ದದ್ದು ಚಿಲ್ಲರೆ.

ಜಾಗ ಅಂದ ಮೇಲೆ ಜಗಳ ಇದ್ದದ್ದೇ. ಲೋವರ್ ಬರ್ತಿನ ಕೆಳಗಿನ ನೆಲ ಯಾರದು? ಮೇಲೆ ಮಲಗುವವರದೋ, ಎಲ್ಲರದೋ? ನನಗೆ ತಿಳಿದ ಮಟ್ಟಿಗೆ ಇದಕ್ಕೆ ಒಂದೇ ಕಾನೂನು: ಮೊದಲು ಬಂದವರು ಗೋಡೆಯ ತನಕ ಒಳಗೆ ತಳ್ಳಬೇಕು, ಆಮೇಲೆ ಬಂದವರಿಗೆ ಮುಂದಿನ ಜಾಗ. ಮೊದಲು ಬಂದು ಚೀಲವನ್ನು ಅಂಚಿನಲ್ಲೇ ಇಟ್ಟು, ಹಿಂದೆ ಖಾಲಿ ಬಿಟ್ಟು, ಅದರ ಮುಂದೆ ಕಾಲು ಚಾಚಿ ಕೂರುವವರನ್ನು ನಾನು ಮನಸ್ಸಿನಲ್ಲೇ ಕ್ಷಮಿಸಿಲ್ಲ. ಇನ್ನೊಂದು ಬಗೆಯವರು ಏಳು ಚೀಲದೊಡನೆ ಬಂದು, ‘ಸುಮ್ನೆ ಇಲ್ಲಿ ಇಡ್ತೀನಿ, ಏನೂ ತೊಂದರೆ ಇಲ್ಲ’ ಅನ್ನುವವರು. ತೊಂದರೆ ಇಲ್ಲ ಅಂತ ಹೇಳಬೇಕಾದವರು ನಾವಲ್ವಾ? ಹಾಗಂತ ಮುಖ ಗಂಟಿಕ್ಕಿ ಕೂತರೆ ರಾತ್ರಿ ಉದ್ದವಾಗುತ್ತದೆ. ಒಂದು ಸಲ ನಾನೇ ಎದ್ದು ನಿಂತು, ಎಲ್ಲರ ಚೀಲಗಳನ್ನು ಹೊರಗೆಳೆದು, ದೊಡ್ಡದು ಹಿಂದೆ, ಸಣ್ಣದು ಮುಂದೆ ಅಂತ ಜೋಡಿಸಿದೆ. ಬೆಳಿಗ್ಗೆ ಮೊದಲು ಇಳಿಯುವವರದು ಎಲ್ಲಕ್ಕಿಂತ ಮುಂದೆ. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷದಲ್ಲಿ ಆರು ಜನರಿಗೂ ಒಬ್ಬೊಬ್ಬರು ಎಲ್ಲಿ ಇಳಿಯುತ್ತಾರೆ, ಯಾಕೆ ಹೋಗುತ್ತಿದ್ದಾರೆ ಅಂತ ಗೊತ್ತಾಗಿಹೋಯಿತು. ರಾತ್ರಿ ದೀಪ ಆರಿಸುವಾಗ ಯಾರೂ ಯಾರನ್ನೂ ಕೇಳಬೇಕಾಗಲಿಲ್ಲ.

ಇಳಿಯುವ ಹೊತ್ತು ಹತ್ತುವ ಹೊತ್ತಿಗಿಂತ ಕಷ್ಟ. ಹತ್ತುವಾಗ ತಪ್ಪಿದರೆ ಸರಿಮಾಡಿಕೊಳ್ಳಲು ರಾತ್ರಿಯೆಲ್ಲ ಇದೆ. ಇಳಿಯುವಾಗ ಕೆಲವೊಮ್ಮೆ ಎರಡೇ ನಿಮಿಷ, ಅದೂ ಕತ್ತಲಲ್ಲಿ, ಅರ್ಧ ನಿದ್ದೆಯಲ್ಲಿ. ಎಚ್ಚರದ ಚೀಲದಿಂದ ರಾತ್ರಿ ಏನೇನು ಹೊರಗೆ ಬಂದಿದೆಯೋ ಅದೆಲ್ಲ ಬರ್ತಿನ ಮೂಲೆಮೂಲೆಯಲ್ಲಿ ಅಡಗಿರುತ್ತದೆ. ಹಾಗಾಗಿ ನಾನು ಮಲಗುವ ಮೊದಲೇ ಬೇಡದ್ದನ್ನೆಲ್ಲ ಒಳಗೆ ಹಾಕಿ ಮಲಗುತ್ತೇನೆ. ಹೊರಗೆ ಇರುವುದು ಶಾಲು, ಗಂಟು ಹಾಕಿದ ಕಾಲುಚೀಲ, ನೀರು. ಮೂರೇ. ಸ್ಟೇಷನ್ನಿಗೆ ಅರ್ಧ ಗಂಟೆ ಮೊದಲು ಎದ್ದು, ದೊಡ್ಡ ಚೀಲವನ್ನು ಓಣಿಯ ಅಂಚಿಗೆ ತಂದು, ಶೂ ಹಾಕಿಕೊಂಡು ಕೂತುಬಿಡುತ್ತೇನೆ. ಕಡೆಗೆ ಕೈಯಿಂದ ಬರ್ತಿನ ಮೇಲೆಲ್ಲ ಸವರಿ ನೋಡುವುದು. ಕತ್ತಲಲ್ಲಿ ಕಣ್ಣಿಗಿಂತ ಅಂಗೈ ನಂಬಿಕೆಯದು.

ಅಮ್ಮನಿಗೆ ಸವರುವುದರಲ್ಲಿ ನಂಬಿಕೆ ಇರಲಿಲ್ಲ. ಅವಳದು ಎಣಿಕೆ. ಮನೆ ಬಿಡುವಾಗ ಒಂದು ಸಲ, ರೈಲು ಹತ್ತಿದ ಮೇಲೆ ಒಂದು ಸಲ, ಇಳಿದ ಮೇಲೆ ಒಂದು ಸಲ. ಜನರನ್ನೂ ಚೀಲಗಳನ್ನೂ ಬೇರೆಬೇರೆ ಎಣಿಸುವಷ್ಟು ಪುರಸೊತ್ತು ಇಲ್ಲದೆ ಎಲ್ಲವನ್ನೂ ಕೂಡಿಸಿಬಿಡುತ್ತಿದ್ದಳು. ನಾವು ನಾಲ್ಕು, ಚೀಲ ಏಳು, ಒಟ್ಟು ಹನ್ನೊಂದು. ಒಂದು ನಸುಕಿನಲ್ಲಿ ಪ್ಲಾಟ್‌ಫಾರಂ ಮೇಲೆ ನಿಂತು ಬೆರಳು ಮಾಡಿ ಮಾಡಿ ಎಣಿಸಿದಳು. ಹನ್ನೊಂದು ಸರಿಯಾಗಿ ಬಂತು. ನಡೀರಿ ಅಂದಳು. ನಾಲ್ಕು ಹೆಜ್ಜೆ ಹೋಗಿದ್ದೆವು. ಹಿಂದಿನಿಂದ ಕಿಟಕಿಯೊಳಗೆ ತಮ್ಮನ ಅಳು ಕೇಳಿಸಿತು. ಅಪ್ಪ ಓಡಿಹೋಗಿ ಅವನನ್ನು ಎತ್ತಿಕೊಂಡು ಇಳಿದರು. ಆಮೇಲೆ ನೋಡಿದರೆ ನಮ್ಮ ಚೀಲಗಳ ನಡುವೆ ನಮ್ಮದಲ್ಲದ ಒಂದು ನೀಲಿ ಚೀಲ ಕೂತಿತ್ತು. ಅದರ ಯಜಮಾನರು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು. ರೈಲು ಕದಲುವ ಮೊದಲು ಚೀಲ ಕೊಟ್ಟೆವು.

ಅವತ್ತಿನಿಂದ ಅಮ್ಮ ಜನರನ್ನು ಬೇರೆ, ಚೀಲಗಳನ್ನು ಬೇರೆ ಎಣಿಸತೊಡಗಿದಳು. ನಾನು ಈಗ ಹೆಚ್ಚಾಗಿ ಒಬ್ಬನೇ ಹೋಗುವುದು. ಇಳಿದ ಮೇಲೆ ಒಂದು ಕ್ಷಣ ನಿಂತು ಎಣಿಸುತ್ತೇನೆ, ಅವಳ ಹಳೆಯ ಲೆಕ್ಕದಲ್ಲೇ. ಮಲಗುವ ಚೀಲ ಒಂದು, ಎಚ್ಚರದ ಚೀಲ ಒಂದು, ನಾನೊಬ್ಬ. ಮೂರು.